ಲ್ಯಾಟಿನ್ನಿನ ಮಗಳೊಬ್ಬಳು ಬೀದರಿಗೆ ಬಂದರೆ

ಬೀದರಿನ ಮನೆಗಳಲ್ಲಿ ಬೀಗದ ಕೈಗೆ ‘ಚಾವಿ’ ಎನ್ನುವವರಿದ್ದಾರೆ. ತಿಂಗಳ ಸಂಬಳಕ್ಕೆ ‘ಪಗಾರ’ ಎನ್ನುತ್ತಾರೆ. ಬಟ್ಟೆ ಇಡುವುದು ‘ಅಲಮಾರಿ’ಯಲ್ಲಿ. ಚಹಾದ ಜೊತೆಗೆ ‘ಪಾವ್’ ತಿನ್ನುವುದುಂಟು. ಚರ್ಚಿನ ಗುರುಗಳು ‘ಪಾದ್ರಿ’. ಈ ಐದೂ ಪದಗಳು ಊರಿನವೇ ಎಂಬಷ್ಟು ಬಳಕೆಯಾಗಿವೆ. ಆದರೆ ಐದರ ಹಿಂದೆಯೂ ಪೋರ್ಚುಗೀಸ್ ಭಾಷೆಯಿದೆ. 1510ರಲ್ಲಿ ಗೋವೆಯನ್ನು ಹಿಡಿದು ಪಶ್ಚಿಮ ಕರಾವಳಿಯಲ್ಲಿ ನೆಲೆನಿಂತ ಪೋರ್ಚುಗೀಸರ ಮಾತು ಮರಾಠಿ, ಕೊಂಕಣಿಗಳ ಮೂಲಕ ಘಟ್ಟ ಹತ್ತಿ, ಕರಾವಳಿಯನ್ನೇ ಕಾಣದ ಭಾಲ್ಕಿ, ಔರಾದ್‌ಗಳ ಸಂತೆಯನ್ನೂ ಸೇರಿತು.

ಪೋರ್ಚುಗೀಸ್ ಲ್ಯಾಟಿನ್ನಿನ ಮಗಳು. ಸ್ಪ್ಯಾನಿಷ್, ಇಟಾಲಿಯನ್, ಫ್ರೆಂಚ್, ರುಮೇನಿಯನ್ ಅವಳ ಒಡಹುಟ್ಟಿದವರು. ಈ ಮನೆತನಕ್ಕೆ ಭಾಷಾಶಾಸ್ತ್ರಜ್ಞರು ರೋಮಾನ್ಸ್ ಭಾಷೆಗಳು ಎಂದು ಹೆಸರಿಟ್ಟಿದ್ದಾರೆ. ರೋಮ್ ಸಾಮ್ರಾಜ್ಯದ ಮಾತು ಹಲವು ನಾಡುಗಳಲ್ಲಿ ಹಲವು ಬಾಯಿಗಳಲ್ಲಿ ಸವೆದು ಹುಟ್ಟಿದ ಭಾಷೆಗಳಾದ್ದರಿಂದ ಈ ಹೆಸರು.

ಈ ಮನೆತನಕ್ಕೆ ಇನ್ನೊಬ್ಬ ಮಗಳನ್ನು ಕೈಯಾರೆ ಸೃಷ್ಟಿಸಲು ಹೊರಟವರು ಕಳೆದ ನೂರಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲದಲ್ಲಿ ಹಲವರಿದ್ದಾರೆ. ಅವರಲ್ಲಿ ಗಣಿತಜ್ಞರಿದ್ದರು, ಕಣ್ಣಿನ ವೈದ್ಯರಿದ್ದರು. ಅವರು ಬಳಸಿದ ಸಲಕರಣೆಗಳೇನು? ಅವೇ ಸಲಕರಣೆಗಳನ್ನು ಬೀದರ ಜಿಲ್ಲೆಯ ಒಬ್ಬ ಹೈಸ್ಕೂಲು ವಿದ್ಯಾರ್ಥಿ ತನ್ನ ಕನ್ನಡ ವ್ಯಾಕರಣ ಪುಸ್ತಕದಿಂದ ಎತ್ತಿಕೊಂಡು ಅಂಥದೊಂದು ಭಾಷೆಯನ್ನು ಕಟ್ಟಬಹುದೇ? ಕಟ್ಟಬಹುದು ಎಂಬುದು ಈ ವಾರದ ವಿಷಯ.

ಒಂದು ಚಾವಿ, ನಾಲ್ಕು ಮನೆ

ಲ್ಯಾಟಿನ್‌ನಲ್ಲಿ ಬೀಗದ ಕೈಗೆ ‘ಕ್ಲಾವೆಮ್’ ಎಂಬ ರೂಪವಿತ್ತು. ಫ್ರೆಂಚಿನಲ್ಲಿ ಅದು ‘ಕ್ಲೆ’ ಆಯಿತು, ಇಟಾಲಿಯನ್‌ನಲ್ಲಿ ‘ಕ್ಯಾವೆ’, ಸ್ಪ್ಯಾನಿಷ್‌ನಲ್ಲಿ ‘ಯಾವೆ’. ಪೋರ್ಚುಗೀಸರು ‘ಚಾವೆ’ ಎಂದರು. ಇಂದಿನ ಲಿಸ್ಬನ್ನಿನಲ್ಲಿ ಇದರ ಉಚ್ಚಾರ ‘ಶಾವ್’ ಎಂಬುದಕ್ಕೆ ಹತ್ತಿರ. ಆದರೆ ಅವರು ಭಾರತಕ್ಕೆ ಬಂದ ಕಾಲದಲ್ಲಿ ಅಲ್ಲಿ ‘ಚ’ಕಾರವೇ ಇತ್ತು. ಲಿಸ್ಬನ್ ಕಳೆದುಕೊಂಡ ಹಳೆಯ ಉಚ್ಚಾರವನ್ನು ಬೀದರಿನ ಚಾವಿ ಇನ್ನೂ ಕಾಪಾಡಿಕೊಂಡಿದೆ ಎಂದರೆ ಸೋಜಿಗವಲ್ಲವೇ?

ಇದು ಒಂದು ಪದದ ಕಥೆಯಾಗಿದ್ದರೆ ಆಕಸ್ಮಿಕ ಎಂದು ಬಿಟ್ಟುಬಿಡಬಹುದಿತ್ತು. ಇನ್ನೆರಡು ಪದಗಳನ್ನು ನೋಡಿ. ಮಳೆಗೆ ಲ್ಯಾಟಿನ್‌ನಲ್ಲಿ ‘ಪ್ಲೂವಿಯ’. ಫ್ರೆಂಚಿನಲ್ಲಿ ‘ಪ್ಲುಯಿ’, ಇಟಾಲಿಯನ್‌ನಲ್ಲಿ ‘ಪ್ಯೊಜ್ಜ’, ಸ್ಪ್ಯಾನಿಷ್‌ನಲ್ಲಿ ‘ಯೂವಿಯ’, ಪೋರ್ಚುಗೀಸಿನಲ್ಲಿ ‘ಶೂವ’. ಬೆಂಕಿಯ ಜ್ವಾಲೆಗೆ ‘ಫ್ಲಮ್ಮ’. ಅದೇ ಕ್ರಮದಲ್ಲಿ ‘ಫ್ಲಾಮ್’, ‘ಫ್ಯಾಮ್ಮ’, ‘ಯಾಮ’, ‘ಶಾಮ’. ಕ್ಲ, ಪ್ಲ, ಫ್ಲ ಎಂಬ ಮೂರು ಒತ್ತಕ್ಷರಗಳಿಗೆ ಫ್ರೆಂಚ್ ಕೈ ಹಚ್ಚಲಿಲ್ಲ. ಇಟಾಲಿಯನ್ ‘ಲ’ವನ್ನು ‘ಯ’ ಮಾಡಿತು. ಸ್ಪ್ಯಾನಿಷ್, ಪೋರ್ಚುಗೀಸ್‌ಗಳು ಮೂರನ್ನೂ ಒಂದೇ ಧ್ವನಿಯಾಗಿ ಕರಗಿಸಿದವು. ಭಾಷೆ ಬದಲಾಗುವಾಗ ಪದಗಳು ಒಂದೊಂದಾಗಿ ಮನಬಂದಂತೆ ಕೆಡುವುದಿಲ್ಲ. ಒಂದು ಧ್ವನಿ ಬದಲಾದರೆ ಆ ಧ್ವನಿಯಿರುವ ಪದಗಳೆಲ್ಲ ಸಾಲಾಗಿ ಅದರ ಹಿಂದೆ ಹೋಗುತ್ತವೆ. ಭಾಷೆ ಕಟ್ಟುವವರಿಗೆ ಸಿಕ್ಕ ಮೊದಲ ಸಲಕರಣೆ ಇದೇ.

ತದ್ಭವದ ಪಟ್ಟಿಯಲ್ಲಿ ಅಡಗಿದ್ದು

ಈ ಸಲಕರಣೆ ಕನ್ನಡದ ವಿದ್ಯಾರ್ಥಿಗೆ ಹೊಸದಲ್ಲ. ತತ್ಸಮ-ತದ್ಭವ ಎಂಬ ಪಾಠ ಎಲ್ಲರಿಗೂ ಗೊತ್ತು. ಪಕ್ಷಿ-ಹಕ್ಕಿ, ಪರ್ವ-ಹಬ್ಬ, ಪುಸ್ತಕ-ಹೊತ್ತಗೆ, ಪ್ರಾಣ-ಹರಣ, ವನ-ಬನ, ವಸತಿ-ಬಸದಿ, ಮುಕ್ತಾ-ಮುತ್ತು. ಪರೀಕ್ಷೆಯ ಹಿಂದಿನ ರಾತ್ರಿ ಈ ಪಟ್ಟಿಯನ್ನು ಬಾಯಿಪಾಠ ಮಾಡಿ ಮರುದಿನ ಮರೆಯುವುದು ವಾಡಿಕೆ. ಆದರೆ ಇದು ಬರಿಯ ಪಟ್ಟಿಯಲ್ಲ, ನಿಯಮಗಳ ಗಂಟು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದಕ್ಕಾಗಿ ಅಪಭ್ರಂಶ ಪ್ರಕರಣ ಎಂಬ ಒಂದು ಪ್ರಕರಣವನ್ನೇ ಮೀಸಲಿಟ್ಟ.

ಗಂಟನ್ನು ಬಿಚ್ಚಿದರೆ ನಾಲ್ಕು ಎಳೆಗಳು ಕಾಣುತ್ತವೆ. ಮೊದಲನೆಯದು, ಪದದ ಆದಿಯ ‘ಪ’ಕಾರ ‘ಹ’ಕಾರವಾಗುವುದು. ಹಳಗನ್ನಡದ ಪಾಲ್, ಪುಲಿ, ಪಂದಿ, ಪಳ್ಳಿ ಎಂಬವು ಹಾಲು, ಹುಲಿ, ಹಂದಿ, ಹಳ್ಳಿ ಆದದ್ದು ಇದೇ ನಿಯಮದಿಂದ. ಔರಾದ್ ತಾಲೂಕಿನ ಪಕ್ಕದ ತೆಲುಗು ನಾಡಿನಲ್ಲಿ ಇಂದಿಗೂ ಪಾಲು, ಪುಲಿ, ಪಂದಿ, ಪಲ್ಲೆ ಎಂದೇ ಹೇಳುತ್ತಾರೆ. ಎರಡನೆಯದು, ಬೇರೆ ಬೇರೆ ವ್ಯಂಜನಗಳು ಸೇರಿದ ಒತ್ತಕ್ಷರ ಒಂದೇ ವ್ಯಂಜನದ ಇಮ್ಮಡಿಯಾಗುವುದು: ಮುಕ್ತಾ-ಮುತ್ತು, ಪುಸ್ತಕ-ಹೊತ್ತಗೆ. ಮೂರನೆಯದು, ಆದಿಯ ಒತ್ತಕ್ಷರದ ನಡುವೆ ಸ್ವರವೊಂದು ತೂರಿಕೊಳ್ಳುವುದು: ಪ್ರಾಣ-ಹರಣ. ನಾಲ್ಕನೆಯದು, ಆದಿಯ ‘ವ’ ‘ಬ’ ಆಗುವುದು: ವನ-ಬನ. ಮರಾಠಿಯ ವೀಸ್, ವಾಘ್ ಹಿಂದಿಯಲ್ಲಿ ಬೀಸ್, ಬಾಘ್ ಆಗುವುದನ್ನು ಭಾಲ್ಕಿಯ ಮಕ್ಕಳು ದಿನವೂ ಕೇಳುತ್ತಾರೆ. ಚಾವಿ, ಚಾಬಿಗಳೂ ಅದೇ ಸಾಲಿನಲ್ಲಿ ಹೊಂದಿಕೊಂಡು ನಿಲ್ಲುತ್ತವೆ.

ಹಾಗಾದರೆ ‘ಪಗಾರ’ ಏಕೆ ‘ಹಗಾರ’ ಆಗಲಿಲ್ಲ? ಪ್ರಶ್ನೆ ಒಳ್ಳೆಯದು. ಧ್ವನಿ ನಿಯಮಕ್ಕೆ ಆಯಸ್ಸಿರುತ್ತದೆ. ಪಗಾರ, ಪಾವ್, ಪಾದ್ರಿ ಕನ್ನಡಕ್ಕೆ ಬರುವ ಹೊತ್ತಿಗೆ ‘ಪ’ವನ್ನು ‘ಹ’ ಮಾಡುವ ಕಾಲ ಮುಗಿದಿತ್ತು. ಹೀಗೆ ಒಂದು ಅಕ್ಷರವೇ ಪದ ಊರಿಗೆ ಬಂದ ಕಾಲವನ್ನು ಹೇಳಿಬಿಡುತ್ತದೆ.

ಈಗ ಮತ್ತೆ ಲ್ಯಾಟಿನ್ನಿಗೆ ಬನ್ನಿ. ಏಳಕ್ಕೆ ‘ಸೆಪ್ತೆಮ್’, ಇಟಾಲಿಯನ್‌ನಲ್ಲಿ ‘ಸೆತ್ತೆ’. ಎಂಟಕ್ಕೆ ‘ಒಕ್ತೊ’, ಇಟಾಲಿಯನ್‌ನಲ್ಲಿ ‘ಒತ್ತೊ’. ರಾತ್ರಿಗೆ ‘ನೊಕ್ತೆಮ್’, ಇಟಾಲಿಯನ್‌ನಲ್ಲಿ ‘ನೊತ್ತೆ’. ಇಲ್ಲಿ ಸಂಸ್ಕೃತದ ‘ಸಪ್ತ’ ಪ್ರಾಕೃತದಲ್ಲಿ ‘ಸತ್ತ’ ಆಗಿ, ಹಿಂದಿ-ಮರಾಠಿಗಳಲ್ಲಿ ‘ಸಾತ್’ ಆಯಿತು. ಸಾವಿರಾರು ಮೈಲಿ ದೂರದ ಎರಡು ನಾಡುಗಳಲ್ಲಿ, ಪರಸ್ಪರ ಅರಿಯದ ಜನರ ಬಾಯಲ್ಲಿ ಒಂದೇ ಕೆಲಸ ನಡೆದಿದೆ. ಇಟಾಲಿಯನ್ ಎಂದರೆ ಲ್ಯಾಟಿನ್ನಿನ ತದ್ಭವಗಳ ಭಾಷೆ ಎಂದರೆ ತಪ್ಪಾಗದು.

ಭಾಷೆ ಕಟ್ಟಿದವರು

1859ರಲ್ಲಿ ಬ್ಯಾಲಿಸ್ಟಾಕ್ ಎಂಬ ಊರಿನಲ್ಲಿ ಹುಟ್ಟಿದ ಲುಡ್ವಿಕ್ ಜಾಮೆನ್‌ಹಾಫ್ ಕಣ್ಣಿನ ವೈದ್ಯ. ಇಂದು ಪೋಲೆಂಡಿನಲ್ಲಿರುವ, ಅಂದು ರಷ್ಯಾ ಸಾಮ್ರಾಜ್ಯದಲ್ಲಿದ್ದ ಆ ಊರಿನಲ್ಲಿ ಯಿಡ್ಡಿಷ್, ಪೋಲಿಷ್, ರಷ್ಯನ್, ಜರ್ಮನ್ ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತಿದ್ದವು. ಭಾಷೆಗಳ ನಡುವೆ ಸ್ನೇಹಕ್ಕಿಂತ ಸಂಶಯವೇ ಹೆಚ್ಚಾಗಿತ್ತು. ಎಲ್ಲರಿಗೂ ಸಮಾನವಾದ, ಯಾರ ಸ್ವತ್ತೂ ಅಲ್ಲದ ಒಂದು ಭಾಷೆಯಿದ್ದರೆ ಈ ಜಗಳ ತಗ್ಗೀತು ಎಂದು ನಂಬಿ ಆತ 1887ರಲ್ಲಿ ಎಸ್ಪೆರಾಂಟೊ ಭಾಷೆಯ ಮೊದಲ ಪುಸ್ತಕ ಹೊರತಂದ. ವ್ಯಾಕರಣಕ್ಕೆ ಹದಿನಾರೇ ನಿಯಮಗಳು. ನಾಮಪದಗಳೆಲ್ಲ ‘ಒ’ಕಾರಾಂತ, ಗುಣವಾಚಕಗಳೆಲ್ಲ ‘ಅ’ಕಾರಾಂತ. ಕ್ರಿಯಾಪದಕ್ಕೆ ವರ್ತಮಾನದಲ್ಲಿ ‘ಅಸ್’, ಭೂತದಲ್ಲಿ ‘ಇಸ್’, ಭವಿಷ್ಯದಲ್ಲಿ ‘ಒಸ್’. ಅಪವಾದವೇ ಇಲ್ಲ. ಪದಗಳಲ್ಲಿ ಹೆಚ್ಚಿನವು ಲ್ಯಾಟಿನ್ ಮನೆತನದವು. ಜರ್ಮನ್, ಸ್ಲಾವಿಕ್ ಪದಗಳೂ ಸಾಕಷ್ಟಿವೆ.

1903ರಲ್ಲಿ ಇಟಲಿಯ ಗಣಿತಜ್ಞ ಜಿಯುಸೆಪ್ಪೆ ಪೆಆನೊ ಬೇರೆ ದಾರಿ ಹಿಡಿದ. ಸಂಖ್ಯೆಗಳ ಮೂಲತತ್ವಗಳ ಸಂಬಂಧದಲ್ಲಿ ಗಣಿತದ ವಿದ್ಯಾರ್ಥಿಗಳು ಈತನ ಹೆಸರು ಕೇಳಿರುತ್ತಾರೆ. ಹೊಸ ಪದಗಳೇಕೆ, ಲ್ಯಾಟಿನ್ನಿನ ವಿಭಕ್ತಿಗಳನ್ನು ಕಿತ್ತುಹಾಕಿದರೆ ಸಾಕು ಎಂಬುದು ಆತನ ವಾದ. ಭಾಷೆಯ ಹೆಸರೇ ‘ವಿಭಕ್ತಿ ಪ್ರತ್ಯಯಗಳಿಲ್ಲದ ಲ್ಯಾಟಿನ್’ ಎಂಬರ್ಥದ ‘ಲಾತಿನೊ ಸಿನೆ ಫ್ಲೆಕ್ಸಿಯೊನೆ’.

ಮೂರನೆಯದು ಇಂಟರ್‌ಲಿಂಗ್ವಾ. 1924ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಒಂದು ಸಂಘದ ವಿದ್ವಾಂಸರು ಬಹುಕಾಲ ದುಡಿದು, 1951ರಲ್ಲಿ ಸುಮಾರು 27,000 ಪದಗಳ ನಿಘಂಟನ್ನು ಪ್ರಕಟಿಸಿದರು. ಅವರು ಪದ ಆರಿಸಿದ ಬಗೆ ಚುನಾವಣೆಯಂತಿದೆ. ಇಟಾಲಿಯನ್, ಫ್ರೆಂಚ್, ಇಂಗ್ಲಿಷ್, ಜೊತೆಗೆ ಸ್ಪ್ಯಾನಿಷ್-ಪೋರ್ಚುಗೀಸ್ ಎರಡೂ ಕೂಡಿ ಒಂದು, ಹೀಗೆ ನಾಲ್ಕು ಮತಗಳು. ಮೂರು ಮತ ಸಿಕ್ಕ ಪದಕ್ಕೆ ಪ್ರವೇಶ. ಕೊರತೆ ಬಿದ್ದರೆ ಜರ್ಮನ್, ರಷ್ಯನ್ ಭಾಷೆಗಳನ್ನು ಕೇಳುವುದು. ಪದ ಆಯ್ಕೆಯಾದ ಮೇಲೆ ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸುವಂತೆ ಅದರ ಮೂಲರೂಪವನ್ನು ಗೊತ್ತುಮಾಡುವುದು. ಕ್ಯಾವೆ, ಯಾವೆ, ಶಾವ್, ಕ್ಲೆಗಳಿಂದ ಹೊರಟು ಅವರು ಮುಟ್ಟಿದ್ದು ‘ಕ್ಲಾವೆ’. ವ್ಯಾಕರಣ ಇನ್ನೂ ಸರಳ. ನಾನು ಮಾತಾಡಲಿ, ನೀನು ಮಾತಾಡಲಿ, ಅವನು ಮಾತಾಡಲಿ, ಕ್ರಿಯಾಪದ ‘ಪಾರ್ಲ’ ಎಂದೇ ಇರುತ್ತದೆ. ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ ಎಂಬ ಫ್ರೆಂಚರ ತೊಡಕು ಇಲ್ಲಿಲ್ಲ.

ನಾಲ್ಕನೆಯವರದು ಜಗತ್ತಿನ ಉಪಕಾರಕ್ಕಲ್ಲ, ಕುತೂಹಲಕ್ಕೆ ಹುಟ್ಟಿದ ಕೆಲಸ. ಬ್ರಿಟನ್ನಿನಲ್ಲಿ ಲ್ಯಾಟಿನ್ ಉಳಿದುಕೊಂಡು, ಅಲ್ಲಿನ ವೆಲ್ಷ್ ಭಾಷೆ ಬದಲಾದ ರೀತಿಯಲ್ಲೇ ಬದಲಾಗಿದ್ದರೆ ಹೇಗಿರುತ್ತಿತ್ತು? ಈ ಪ್ರಶ್ನೆ ಹಾಕಿಕೊಂಡು ನ್ಯೂಜಿಲೆಂಡಿನ ಆಂಡ್ರ್ಯೂ ಸ್ಮಿತ್ 1996ರಲ್ಲಿ ‘ಬ್ರಿಥೆನಿಗ್’ ಎಂಬ ಭಾಷೆಯನ್ನು ರಚಿಸಿದರು. ಅವರ ಉಪಾಯ ಸರಳ: ತಾಯಿ ಲ್ಯಾಟಿನ್, ಧ್ವನಿ ನಿಯಮ ವೆಲ್ಷಿನದು. ವೆಲ್ಷಿನ ಜಾಗದಲ್ಲಿ ಕನ್ನಡವನ್ನಿಟ್ಟರೆ?

ಬೀದರಿನ ಮಗಳು

ರೋಮಿನ ವ್ಯಾಪಾರಿಗಳ ಒಂದು ತಂಡ ಭಾಲ್ಕಿಯ ಬಳಿ ನೆಲೆಸಿ, ಅವರ ಮಾತು ಕನ್ನಡಿಗರ ಬಾಯಲ್ಲಿ ಸಾವಿರ ವರ್ಷ ತಿರುಗಿತು ಎಂದು ಕಲ್ಪಿಸಿಕೊಳ್ಳೋಣ. ತದ್ಭವದ ನಾಲ್ಕು ನಿಯಮಗಳು ಕೈಯಲ್ಲಿವೆ. ಐದನೆಯದಾಗಿ, ಬಸ್ಸು, ಕಾರು, ಪೆನ್ನುಗಳಂತೆ ಪದಗಳೆಲ್ಲ ಸ್ವರದಿಂದ ಕೊನೆಯಾಗಲಿ. ಕನ್ನಡದ ಹಳೆಯ ಪದಗಳಿಗೆ ‘ಫ’ಕಾರವಿಲ್ಲದ್ದರಿಂದ ಅದೂ ‘ಪ’ದ ದಾರಿ ಹಿಡಿದು ‘ಹ’ ಆಗಲಿ.

ಪದಕೋಶ ತಾನೇ ತಾನಾಗಿ ಹುಟ್ಟುತ್ತದೆ. ತಂದೆಗೆ ಲ್ಯಾಟಿನ್ನಿನ ‘ಪತ್ರೆಮ್’, ನಮ್ಮ ಮಗಳಲ್ಲಿ ‘ಹತ್ತೆ’. ರೊಟ್ಟಿಗೆ ‘ಪಾನೆಮ್’, ಇಲ್ಲಿ ‘ಹಾನೆ’. ಸೇತುವೆಗೆ ‘ಪೊಂತೆಮ್’, ಇಲ್ಲಿ ‘ಹೊಂತೆ’. ಮಗನಿಗೆ ‘ಫೀಲಿಯುಮ್’, ಇಲ್ಲಿ ‘ಹಿಲಿ’. ಹಾಲಿಗೆ ‘ಲಕ್ತೆಮ್’, ಇಲ್ಲಿ ‘ಲತ್ತೆ’. ಏಳು ‘ಸೆತ್ತೆ’, ಎಂಟು ‘ಒತ್ತು’, ರಾತ್ರಿ ‘ನೊತ್ತೆ’. ಬೀಗದ ಕೈ ‘ಕಲಾವೆ’. ಹಿಟ್ಟಿಗೆ ‘ಫರೀನ’, ಇಲ್ಲಿ ‘ಹರೀನ’.

ಕೊನೆಯ ಪದದ ಬಳಿ ಸ್ವಲ್ಪ ನಿಲ್ಲಬೇಕು. ಸ್ಪ್ಯಾನಿಷ್ ನಿಘಂಟು ತೆರೆದರೆ ಹಿಟ್ಟಿಗೆ ಇರುವ ಪದದ ಕಾಗುಣಿತವೂ ಹಕಾರದಿಂದಲೇ ಶುರುವಾಗಿ ‘ಹರಿನ’ ಎಂದಿದೆ. ಲ್ಯಾಟಿನ್ನಿನ ಆದಿಯ ‘ಫ’ವನ್ನು ಸ್ಪ್ಯಾನಿಷರೂ ‘ಹ’ ಮಾಡಿದರು. ಮಗ ಎಂಬ ಅವರ ಪದವೂ ಬರವಣಿಗೆಯಲ್ಲಿ ಹಕಾರಾದಿಯೇ. ಆದರೆ ಬಾಯಲ್ಲಿ ಆ ‘ಹ’ ಸಹ ಸವೆದುಹೋಗಿ ‘ಅರಿನ’ ಎನ್ನುತ್ತಾರೆ. ಮೈಸೂರು ಕಡೆಯ ಹಳ್ಳಿಗಳಲ್ಲಿ ಹಾಲು ‘ಆಲು’, ಹೂವು ‘ಊವು’ ಆಗುವುದಿಲ್ಲವೇ, ಹಾಗೆಯೇ. ಆಟಕ್ಕೆಂದು ಕಟ್ಟಿದ ಭಾಷೆ ನಿಜವಾದ ಭಾಷೆಯೊಂದಕ್ಕೆ ಡಿಕ್ಕಿ ಹೊಡೆಯಿತು, ಏಕೆಂದರೆ ಎರಡೂ ಅದೇ ರೀತಿಯ ನಿಯಮಕ್ಕೆ ತಲೆಬಾಗಿವೆ.

ಜೊತೆಗೇ ಒಂದು ಎಚ್ಚರಿಕೆ. ಎಲೆಗೆ ಲ್ಯಾಟಿನ್ನಿನಲ್ಲಿ ‘ಫೊಲಿಯುಮ್’, ನಮ್ಮ ಮಗಳಲ್ಲಿ ‘ಹೊಲಿ’. ಕನ್ನಡದ ‘ಹೊಲಿ’ ಎಂದರೆ ಬಟ್ಟೆ ಹೊಲಿಯುವುದು. ಎರಡಕ್ಕೂ ಸಂಬಂಧವಿಲ್ಲ. ಒಂದೇ ರೀತಿ ಕೇಳಿಸಿದ್ದಕ್ಕೆ ಎರಡು ಪದಗಳಿಗೆ ನೆಂಟಸ್ತನ ಕಟ್ಟಬಾರದು. ನಿಯಮ ಸಾಕ್ಷಿ ಹೇಳಿದರೆ ಮಾತ್ರ ನೆಂಟಸ್ತನ.

ವ್ಯಾಕರಣ ಎಲ್ಲಿಂದ ಬರಬೇಕು?

ಪದಗಳಷ್ಟರಿಂದಲೇ ಭಾಷೆಯಾಗದು. ‘ತಂದೆ ಮಗನಿಗೆ ರೊಟ್ಟಿಯನ್ನು ಕೊಡುತ್ತಾನೆ’ ಎಂಬುದನ್ನು ಲ್ಯಾಟಿನ್ನಿನಲ್ಲಿ ‘ಪತೆರ್ ಫೀಲಿಯೊ ಪಾನೆಮ್ ದತ್’ ಎಂದು ಹೇಳಬಹುದು. ಪದಕ್ಕೆ ಪದವಿಟ್ಟು ನೋಡಿ. ಪತೆರ್, ತಂದೆ. ಫೀಲಿಯೊ, ಮಗನಿಗೆ. ಪಾನೆಮ್, ರೊಟ್ಟಿಯನ್ನು. ದತ್, ಕೊಡುತ್ತಾನೆ. ವಿಭಕ್ತಿ ಪ್ರತ್ಯಯ ಪದದ ಕೊನೆಗೆ, ಕ್ರಿಯಾಪದ ವಾಕ್ಯದ ಕೊನೆಗೆ. ಇಂಗ್ಲಿಷ್ ವಾಕ್ಯದ ಕ್ರಮಕ್ಕೆ ತಡವರಿಸುವ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಈ ಲ್ಯಾಟಿನ್ ವಾಕ್ಯ ಪರಕೀಯವೆನಿಸದು.

ಲ್ಯಾಟಿನ್ನಿನ ಹೆಣ್ಣುಮಕ್ಕಳು ಈ ಒಡವೆಯನ್ನು ಬಹುಪಾಲು ಕಳೆದುಕೊಂಡರು. ಇಟಾಲಿಯನ್‌ನಲ್ಲಿ ‘ಇಲ್ ಪಾದ್ರೆ ದಾ ಇಲ್ ಪಾನೆ ಆಲ್ ಫಿಲ್ಯೊ’ ಎನ್ನುತ್ತಾರೆ. ಕ್ರಿಯಾಪದ ನಡುವೆ ಬಂತು. ‘ಗೆ’ ಎಂಬ ಅರ್ಥದ ‘ಆಲ್’ ನಾಮಪದದ ಮುಂದೆ ಹೋಗಿ ಕೂತಿತು. ನಮ್ಮ ಬೀದರಿನ ಮಗಳು ಯಾವ ದಾರಿ ಹಿಡಿಯಬೇಕು? ಸುತ್ತಲಿನ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಎಲ್ಲವೂ ಕ್ರಿಯಾಪದವನ್ನು ಕೊನೆಗಿಡುವ ಭಾಷೆಗಳು. ಅವುಗಳ ನಡುವೆ ಬೆಳೆದವಳು ಅವುಗಳಂತೆಯೇ ಮಾತಾಡಬೇಕು: ‘ಹತ್ತೆ ಹಿಲಿಯಾ ಹಾನೆ ದಾತು.’ ಲ್ಯಾಟಿನ್ನಿನ ‘ಅದ್’ ಸವೆದು ‘ಆ’ ಆಗಿ, ನಾಮಪದದ ಹಿಂದೆ ಪ್ರತ್ಯಯದಂತೆ ಅಂಟಿಕೊಂಡಿದೆ.

ಇದು ಬರಿಯ ಕಲ್ಪನೆಯೇ? ಅಲ್ಲ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕರಾವಳಿಯಲ್ಲಿ ಚೌಲ್ ಬಳಿ ಕೊರ್ಲಾಯಿ ಎಂಬ ಹಳ್ಳಿಯಿದೆ. ಪೋರ್ಚುಗೀಸರು 1740ರಲ್ಲಿ ಆ ಪ್ರದೇಶವನ್ನು ಮರಾಠರಿಗೆ ಬಿಟ್ಟು ಹೋದರು. ಹಳ್ಳಿಯ ಕ್ರೈಸ್ತರಲ್ಲಿ ಪೋರ್ಚುಗೀಸಿನಿಂದ ಹುಟ್ಟಿದ ಮಾತು ಉಳಿಯಿತು. ‘ನಮ್ಮ ಮಾತು’ ಎಂಬರ್ಥದಲ್ಲಿ ಅವರು ಅದನ್ನು ‘ನೋ ಲಿಂಗ್’ ಎನ್ನುತ್ತಾರೆ. ಪದಗಳು ಪೋರ್ಚುಗೀಸಿನವು. ಆದರೆ ಮರಾಠಿಯ ನಡುವೆ ತಲೆಮಾರುಗಳನ್ನು ಕಳೆದ ಈ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಸರಿದಿದೆ. ಆಟದಲ್ಲಿ ಬೀದರಿನ ಮಗಳಿಗೆ ಮಾಡಿದ್ದನ್ನು ಕೊರ್ಲಾಯಿಯ ಜನ ಬದುಕಿನಲ್ಲಿ ಮಾಡಿದ್ದಾರೆ.

ಇನ್ನೊಂದು ವಾಕ್ಯ. ಬೀದರಿನ ಕನ್ನಡದಲ್ಲಿ ‘ರೊಟ್ಟಿ ತಗೊಂಡು ಬಂದೆ’. ಮರಾಠಿಯಲ್ಲಿ ‘ಭಾಕರಿ ಘೇಊನ್ ಆಲೋ’. ದಖನಿಯಲ್ಲಿ ‘ರೋಟಿ ಲೇಕೆ ಆಯಾ’. ತಗೊಂಡು, ಘೇಊನ್, ಲೇಕೆ. ಬಂದೆ, ಆಲೋ, ಆಯಾ. ಮೂರು ಭಾಷೆ, ಒಂದೇ ಅಚ್ಚು. ಇಂಗ್ಲಿಷಿನವರು ಇದನ್ನೇ ‘ತಂದೆ’ ಎಂಬ ಒಂದೇ ಕ್ರಿಯಾಪದದಲ್ಲಿ ಮುಗಿಸುತ್ತಾರೆ. ಲ್ಯಾಟಿನ್ನಿನಲ್ಲಿ ಹಿಡಿಯುವುದಕ್ಕೆ ಇರುವ ಧಾತುವಿನಿಂದ ‘ಕಾಪೆಂದು’ ಎಂದೂ, ಬಂದೆ ಎಂಬರ್ಥದ ‘ವೇನಿ’ಯಿಂದ ‘ಬೇನಿ’ ಎಂದೂ ಮಾಡಿಕೊಂಡರೆ ನಮ್ಮ ಮಗಳ ವಾಕ್ಯ ಸಿದ್ಧ: ‘ಹಾನೆ ಕಾಪೆಂದು ಬೇನಿ.’ ಪದ ರೋಮಿನದು, ಬೆನ್ನೆಲುಬು ಬೀದರಿನದು.

ಕಟ್ಟದೆ ಕಟ್ಟಿದ ಭಾಷೆ

ಜಾಮೆನ್‌ಹಾಫ್ ಮೇಜಿನ ಮುಂದೆ ಕುಳಿತು ಮಾಡಿದ್ದನ್ನು ಈ ಸೀಮೆಯ ಜನ ಸಂತೆಯಲ್ಲಿ ನಿಂತು ಮಾಡಿದ್ದಾರೆ. ಬೀದರ ಬಹಮನಿಗಳ ರಾಜಧಾನಿಯಾದ ಹದಿನೈದನೆಯ ಶತಮಾನದಲ್ಲಿ ಉತ್ತರದಿಂದ ಬಂದ ಆಡುಮಾತು ಇಲ್ಲಿನ ನೆಲದ ಭಾಷೆಗಳೊಡನೆ ಬೆರೆತು ದಖನಿಯಾಗಿ ಬೆಳೆಯಿತು. ಫಖ್ರುದ್ದೀನ್ ನಿಜಾಮಿ ರಚಿಸಿದ ‘ಕದಮ್ ರಾವ್ ಪದಮ್ ರಾವ್’ ಎಂಬ ಮಸ್ನವಿ, ಅಂದರೆ ಕಥನಕಾವ್ಯ, ಆ ಬಹಮನಿ ಕಾಲದ್ದೇ. ದಖನಿಯ ಅತ್ಯಂತ ಹಳೆಯ ಕಾವ್ಯವೆಂದು ಅದನ್ನು ಗುರುತಿಸುತ್ತಾರೆ. ದಖನಿಯಲ್ಲಿ ‘ಬೇಡ’ ಎನ್ನಲು ‘ನಕ್ಕೊ’. ಅದು ಮರಾಠಿಯ ‘ನಕೋ’. ‘ಬರ್ತೀನಿ ಅಂತ ಹೇಳಿದ’ ಎನ್ನಲು ‘ಆತೂಂ ಬೋಲ್ಕೆ ಬೋಲ್ಯಾ’. ಇಲ್ಲಿ ‘ಬೋಲ್ಕೆ’ ಎಂಬುದು ಕನ್ನಡದ ‘ಅಂತ’, ತೆಲುಗಿನ ‘ಅನಿ’ ಮಾಡುವ ಕೆಲಸವನ್ನೇ ಮಾಡುತ್ತದೆ. ದೆಹಲಿಯ ಉರ್ದು ಪಂಡಿತ ಇದನ್ನು ತಪ್ಪು ಎನ್ನಬಹುದು. ಅದು ತಪ್ಪಲ್ಲ, ಬೇರೆ ನಿಯಮ.

ಈ ಬಗೆಯ ಮಾತನ್ನು ಭಾಷಾಶಾಸ್ತ್ರಜ್ಞರು ಶಾಸ್ತ್ರೀಯವಾಗಿ ಅಧ್ಯಯನ ಮಾಡಿದ್ದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಗಡಿನಾಡ ಹಳ್ಳಿಯಲ್ಲಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅವರ ಲೇಖನ ಇಂದಿಗೂ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿದೆ. ಆ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳಿಂದ ಒಟ್ಟಿಗೆ ಬಾಳಿದ್ದವು. ಪ್ರತಿ ಮನೆಯೂ ತನ್ನ ಪದಗಳನ್ನು ಬಿಡದೆ ಉಳಿಸಿಕೊಂಡಿತ್ತು. ಆದರೆ ವಾಕ್ಯದ ಚೌಕಟ್ಟು ಮೂರರಲ್ಲೂ ಬಹುಮಟ್ಟಿಗೆ ಒಂದಾಗಿತ್ತು. ಅಲ್ಲಿನ ಮರಾಠಿಯ ಲಿಂಗವ್ಯವಸ್ಥೆ ಕನ್ನಡದ ಕಡೆಗೆ ಹೊರಳಿ, ಅರ್ಥವನ್ನು ಅನುಸರಿಸಿ ನಡೆಯುತ್ತಿತ್ತು. ಲಿಂಗದ ತೊಡಕನ್ನು ಇಂಟರ್‌ಲಿಂಗ್ವಾದ ವಿದ್ವಾಂಸರು ಸಭೆ ಸೇರಿ ತೆಗೆದುಹಾಕಿದರು, ಕುಪವಾಡದವರು ಮಾತಾಡುತ್ತಲೇ ಬಿಡಿಸಿಕೊಂಡರು.

ಇಸ್ಕೂಲಿಗೆ ನಗುವ ಮುನ್ನ

ಇದರಿಂದ ತಂದೆತಾಯಿಗಳಿಗೇನು ಪ್ರಯೋಜನ ಎಂದು ಕೇಳಬಹುದು. ಇದೆ.

ಔರಾದ್‌ನ ಮಗು ಮನೆಯಲ್ಲಿ ಮರಾಠಿ ಆಡಿ, ಓಣಿಯಲ್ಲಿ ದಖನಿ ಆಡಿ, ಶಾಲೆಯಲ್ಲಿ ಕನ್ನಡ ಬರೆಯುತ್ತದೆ. ಮೂರು ಕಲಸಿ ಯಾವುದೂ ನೆಟ್ಟಗೆ ಬರದು ಎಂಬ ಅಳುಕು ಮನೆಯವರಿಗೆ. ಕೆಲವರು ಮಕ್ಕಳಿಗೆ ಮನೆಮಾತನ್ನೇ ಬಿಡಿಸಿಬಿಡುತ್ತಾರೆ. ಮಗು ‘ಇಸ್ಕೂಲ್’ ಎಂದರೆ ತರಗತಿ ನಗುತ್ತದೆ. ನಗುವ ಮುನ್ನ ಒಂದು ಸಂಗತಿ ತಿಳಿಯಬೇಕು. ಲ್ಯಾಟಿನ್ನಿನಲ್ಲಿ ಶಾಲೆಗೆ ‘ಸ್ಕೊಲ’. ಆದಿಯ ‘ಸ್ಕ’ ತಡೆಯಲಾರದೆ ಸ್ಪ್ಯಾನಿಷರು ಅದರ ಮುಂದೆ ಒಂದು ಸ್ವರ ಹಚ್ಚಿ ‘ಎಸ್ಕ್ವೇಲ’ ಎಂದರು, ಪೋರ್ಚುಗೀಸರು ‘ಎಸ್ಕೋಲ’ ಎಂದರು. ಫ್ರೆಂಚರು ಸ್ವರವನ್ನು ಹಚ್ಚಿದ ಮೇಲೆ ಸಕಾರವನ್ನೂ ಬಿಟ್ಟು ‘ಎಕೋಲ್’ ಎಂದರು. ಇವೆಲ್ಲ ಶಿಷ್ಟ ಪದಗಳಾಗಿ ನಿಘಂಟಿನಲ್ಲಿವೆ. ಬೀದರಿನ ಮಗುವಿನ ಬಾಯಿ ಮಾಡಿದ್ದೂ ಅದೇ ಕೆಲಸ. ಒಂದಕ್ಕೆ ರಾಜ್ಯದ ಮುದ್ರೆ ಬಿತ್ತು, ಇನ್ನೊಂದಕ್ಕೆ ಬೀಳಲಿಲ್ಲ, ಅಷ್ಟೇ ವ್ಯತ್ಯಾಸ.

ಹಾಗೆಂದು ಪರೀಕ್ಷೆಯಲ್ಲಿ ‘ಇಸ್ಕೂಲ್’ ಎಂದು ಬರೆಯಬೇಕೆಂದಲ್ಲ. ಬರಹದ ಭಾಷೆಗೆ ಅದರದೇ ಕಟ್ಟುಪಾಡಿದೆ, ಅದನ್ನು ಕಲಿಯಲೇಬೇಕು. ಆದರೆ ‘ನಿನ್ನ ಮಾತು ಕೆಟ್ಟಿದೆ’ ಎಂದು ಕಲಿಸುವುದು ಬೇರೆ, ‘ಮನೆಯ ನಿಯಮ ಇದು, ಪುಸ್ತಕದ ನಿಯಮ ಅದು’ ಎಂದು ಕಲಿಸುವುದು ಬೇರೆ. ಮೊದಲನೆಯದರಿಂದ ಮಗು ಬಾಯಿ ಮುಚ್ಚುತ್ತದೆ. ಎರಡನೆಯದರಿಂದ ಎರಡು ನಿಯಮಗಳನ್ನು ಬೇರೆಬೇರೆಯಾಗಿ ಹಿಡಿಯಲು ಕಲಿಯುತ್ತದೆ. ‘ಪಾಲು-ಹಾಲು’, ‘ವೀಸ್-ಬೀಸ್’ ಜೋಡಿಗಳನ್ನು ಮನೆಯಲ್ಲೇ ಗುರುತಿಸಿದ ಮಗುವಿಗೆ ತದ್ಭವದ ಪಟ್ಟಿ ಬಾಯಿಪಾಠದ ಹೊರೆಯಾಗದು. ಮುಂದೆ ಫ್ರೆಂಚನ್ನೋ ಸ್ಪ್ಯಾನಿಷನ್ನೋ ಕಲಿಯುವ ಸಂದರ್ಭ ಬಂದರೆ ಈ ಅಭ್ಯಾಸ ಅಲ್ಲಿಯೂ ಕೈಹಿಡಿಯುತ್ತದೆ.

ಒಂದು ಭಾಷೆಗೆ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದು ಈ ಜಿಲ್ಲೆಗೆ ಗೊತ್ತು. ನಿಜಾಮರ ಆಳಿಕೆಯಲ್ಲಿ ಶಾಲೆಯ ಭಾಷೆ ಉರ್ದುವಾಗಿತ್ತು. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕನ್ನಡ ಕಲಿಸುವ ವ್ರತ ತೊಟ್ಟರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ ಎಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿ ಕನ್ನಡಕ್ಕೆ ಫಲಕವೂ ದೊರೆಯಿತು. ಮನೆಮಾತಿಗಾಗಿ ಇಷ್ಟು ಕಷ್ಟಪಟ್ಟ ನೆಲದಲ್ಲಿ, ಇಂದು ಕನ್ನಡ ತರಗತಿಯಲ್ಲಿ ಕುಳಿತ ಮರಾಠಿ, ತೆಲುಗು, ದಖನಿ ಮನೆಯ ಮಗು ತನ್ನ ಮಾತಿಗೆ ನಾಚಬೇಕಾಗಿ ಬರಬಾರದು.

ಕಟ್ಟಿದ ಭಾಷೆಗಳ ಗತಿ ಏನಾಯಿತು? ಎಸ್ಪೆರಾಂಟೊ ಇಂದಿಗೂ ಜೀವಂತವಾಗಿದೆ. ಅದನ್ನು ಮನೆಮಾತಾಗಿ ಕಲಿತು ಬೆಳೆದ ಮಕ್ಕಳೂ ಇದ್ದಾರೆ. ಪೆಆನೊನ ಲ್ಯಾಟಿನ್ ಪುಸ್ತಕದಲ್ಲೇ ಉಳಿಯಿತು. ನಿಯಮ ಎರಡರಲ್ಲೂ ಚೊಕ್ಕವಾಗಿತ್ತು, ಆದರೆ ಮಾತಾಡುವ ಮನೆಗಳು ಸಿಕ್ಕಿದ್ದು ಒಂದಕ್ಕೆ ಮಾತ್ರ. ಬೀದರಿನ ಮಾತುಗಳಿಗೆ ಆ ಮನೆಗಳು ಈಗಾಗಲೇ ಇವೆ.

ಈ ವಾರದ ಅಭ್ಯಾಸ

ಮೇಲಿನ ಐದು ನಿಯಮಗಳನ್ನು ಬಳಸಿ ಈ ಲ್ಯಾಟಿನ್ ಪದಗಳನ್ನು ಬೀದರಿನ ಮಗಳ ಪದಗಳಾಗಿ ಮಾಡಿ: ಕಬ್ಬಿಣ ಎಂಬರ್ಥದ ‘ಫೆರ್ರುಮ್’, ಹಸು ಎಂಬರ್ಥದ ‘ವಕ್ಕ’, ಹಬ್ಬ ಎಂಬರ್ಥದ ‘ಫೆಸ್ತ’, ಮಳೆ ಎಂಬರ್ಥದ ‘ಪ್ಲೂವಿಯ’. ಬಳಿಕ ಮನೆಯ ಹಿರಿಯರನ್ನು ಕೇಳಿ, ಕನ್ನಡದಲ್ಲಿ ‘ಹ’ದಿಂದಲೂ ತೆಲುಗಿನಲ್ಲಿ ‘ಪ’ದಿಂದಲೂ ಶುರುವಾಗುವ ಇನ್ನೂ ಐದು ಜೋಡಿಗಳನ್ನು, ಮರಾಠಿಯಲ್ಲಿ ‘ವ’ದಿಂದಲೂ ಹಿಂದಿಯಲ್ಲಿ ‘ಬ’ದಿಂದಲೂ ಶುರುವಾಗುವ ಐದು ಜೋಡಿಗಳನ್ನು ಬರೆದುಕೊಳ್ಳಿ.

ಉತ್ತರ: ಹೆರ್ರು, ಬಕ್ಕ, ಹೆತ್ತ, ಹಲೂವೆ. ಸ್ಪ್ಯಾನಿಷ್‌ನಲ್ಲೂ ಕಬ್ಬಿಣದ ಪದವನ್ನು ಹಕಾರದಿಂದಲೇ ಬರೆಯುತ್ತಾರೆ, ಹಸುವನ್ನು ‘ಬಾಕ’ ಎಂದೇ ಉಚ್ಚರಿಸುತ್ತಾರೆ. ಎರಡನೆಯ ಪ್ರಶ್ನೆಯ ಉತ್ತರ ಮನೆಯಲ್ಲೇ ಸಿಗುತ್ತದೆ.